ನಿಧಾನ ಬೇರೆ, ತಡ ಬೇರೆ

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಬೆಂಗಳೂರಿನ ಲಗ್ಗೆರೆಯಲ್ಲಿ ಬೆಳಗಿನ ಹೊತ್ತು ಎಲ್ಲರಿಗೂ ಧಾವಂತ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಕಾರ್ಖಾನೆಯ ಪಾಳಿ ಹಿಡಿಯುವ ಗಂಡಸರು, ಬೆನ್ನಿಗೆ ಚೀಲ ಬಿಗಿದ ಮಕ್ಕಳು ಒಂದೇ ರಸ್ತೆಯಲ್ಲಿ ಓಡುತ್ತಿರುತ್ತಾರೆ. ಅಲ್ಲಿನ ಒಂದು ಮನೆಯಲ್ಲಿ ಹುಡುಗನೊಬ್ಬ ಇಂಗ್ಲಿಷ್ ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡುತ್ತಿದ್ದುದನ್ನು ಕಂಡೆವು. ‘ಸ್ಲೋ’ ಎಂಬುದರ ಮುಂದೆ ‘ಸ್ಲಗ್ಗಿಶ್, ಟಾರ್ಡಿ, ಲೀಶರ್ಲಿ, ಗ್ರಾಜುಯಲ್’ ಎಂದಿತ್ತು. ಅವನು ಓದು ನಿಲ್ಲಿಸಿ ತಾಯಿಯನ್ನು ಕೇಳಿದ: “ಅಮ್ಮಿ, ಮಿಸ್ ಡೈರಿಯಲ್ಲಿ ನನ್ನನ್ನು ಸ್ಲೋ ಅಂತ ಬರೆದಿದ್ದಾರಲ್ಲ, ನಾನು ಇವುಗಳಲ್ಲಿ ಯಾವುದು?”

ತಾಯಿಗೆ ಉತ್ತರ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಪುಸ್ತಕ ಒಂದೇ ಸಾಲಿನಲ್ಲಿ ಕೂರಿಸಿದರೂ ಈ ಪದಗಳು ಒಂದಲ್ಲ. ಸ್ಲಗ್ಗಿಶ್ ಎಂದರೆ ಜಡ. ಟಾರ್ಡಿ ಎಂದರೆ ಹೊತ್ತು ಮೀರಿದ್ದು. ಲೀಶರ್ಲಿ ಎಂದರೆ ನಿರಾಳವಾದದ್ದು. ಗ್ರಾಜುಯಲ್ ಎಂದರೆ ಹಂತಹಂತವಾಗಿ ಆಗುವುದು. ಮೊದಲ ಎರಡರಲ್ಲಿ ಆಕ್ಷೇಪವಿದೆ, ಉಳಿದೆರಡರಲ್ಲಿ ಇಲ್ಲ. ನಡಿಗೆಯ ಪದಗಳೂ ಹೀಗೆಯೇ. ಉದ್ಯಾನದಲ್ಲಿ ಸುಮ್ಮನೆ ಅಡ್ಡಾಡುವುದು ‘ಸ್ಟ್ರೋಲ್’, ದಣಿದ ಕಾಲನ್ನು ಎಳೆಯುತ್ತಾ ಸಾಗುವುದು ‘ಟ್ರಜ್’. ಎರಡೂ ನಿಧಾನವೇ. ಆದರೆ ಸಂಜೆ ಪಾಳಿ ಮುಗಿಸಿ ಮರಳುವ ಹೆಂಗಸಿನ ನಡಿಗೆಗೆ ಯಾವ ಪದ ಸಲ್ಲುತ್ತದೆಂದು ಹೇಳಬೇಕಿಲ್ಲ.

ಇನ್ನೊಂದು ಸೋಜಿಗವಿದೆ. ಇಂದು ವೇಗವನ್ನು ಸೂಚಿಸುವ ‘ಫಾಸ್ಟ್’ ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಗಟ್ಟಿಯಾದ, ಕದಲದ ಎಂಬ ಅರ್ಥವಿತ್ತು. ‘ಕ್ವಿಕ್’ ಎಂದರೆ ಜೀವಂತ, ‘ಸ್ಪೀಡ್’ ಎಂದರೆ ಏಳಿಗೆ. ದೃಢತೆ, ಜೀವ, ಏಳಿಗೆ ಈ ಮೂರರ ಹೆಸರುಗಳೂ ಕಾಲಕ್ರಮೇಣ ವೇಗದ ಪಾಲಾದವು. ವೇಗವೇ ಏಳಿಗೆ ಎಂದು ನಾವೂ ನಂಬಿಬಿಟ್ಟಿದ್ದೇವಲ್ಲವೇ?

ಕನ್ನಡ ಇಲ್ಲಿ ನಮಗೊಂದು ದಾರಿ ತೋರಿಸುತ್ತದೆ. ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳಿದ್ದಾರೆ. ತಡವೇ ಪ್ರಧಾನ ಎಂದು ಯಾರೂ ಹೇಳಿಲ್ಲ. ನಿಧಾನದಲ್ಲಿ ನಾವು ನಮ್ಮ ಹೊತ್ತನ್ನು ಖರ್ಚು ಮಾಡುತ್ತೇವೆ, ತಡದಲ್ಲಿ ಇನ್ನೊಬ್ಬರ ಹೊತ್ತನ್ನು.

ಪ್ರವಾದಿವರ್ಯರ(ಸ) ಬೋಧನೆಯಲ್ಲಿಯೂ ಈ ವ್ಯತ್ಯಾಸ ಸ್ಪಷ್ಟವಾಗಿದೆ. ಅಬ್ದುಲ್ ಕೈಸ್ ಗೋತ್ರದ ಅಶಜ್ಜ್‌ರಲ್ಲಿ ಅಲ್ಲಾಹನಿಗೆ ಪ್ರಿಯವಾದ ಎರಡು ಗುಣಗಳಿವೆ ಎಂದು ಅವರು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂದು ಸಹನೆ, ಇನ್ನೊಂದು ದುಡುಕದಿರುವುದು. ಇಕಾಮತ್ ಕೇಳಿಸಿದರೂ ನಮಾಝಿಗೆ ಓಡಿ ಬರಬೇಡಿ, ಶಾಂತವಾಗಿ ನಡೆದು ಬನ್ನಿ ಎಂದರು. ಅದೇ ಪ್ರವಾದಿವರ್ಯರು(ಸ) ಜನಾಝಾವನ್ನು ತಡಮಾಡದೆ ಒಯ್ಯಿರಿ ಎಂದರು, ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂದರು. ಇದರಲ್ಲಿ ವಿರೋಧವೇನೂ ಇಲ್ಲ. ನಮ್ಮ ನಡೆಯಲ್ಲಿ ದುಡುಕು ಬೇಡ, ಇನ್ನೊಬ್ಬರ ಹಕ್ಕು ಸಲ್ಲಿಸುವುದರಲ್ಲಿ ವಿಳಂಬ ಬೇಡ.

ನಾವಾದರೋ ಇದನ್ನು ತಿರುವುಮುರುವು ಮಾಡಿದ್ದೇವೆ. ಸಂಬಳ ತಡವಾದರೆ, ಕಡತ ಕೊಳೆತರೆ ಅದಕ್ಕೆ ‘ಪ್ರೊಸೆಸ್’ ಎಂಬ ಗೌರವದ ಹೆಸರು. ಗಂಟೆಗಿಷ್ಟು ಪೀಸ್ ಎಂಬ ಗುರಿ ಮುಟ್ಟದ ಹೊಲಿಗೆಯವಳಿಗೆ ಮಾತ್ರ ಬೈಗುಳ, ಲೆಕ್ಕ ಬಿಡಿಸಲು ಹತ್ತು ನಿಮಿಷ ಹೆಚ್ಚು ಬೇಡುವ ಮಗುವಿಗೆ ಕೆಂಪು ಶಾಯಿ. ತರಗತಿ ತುಂಬ ಮಕ್ಕಳನ್ನಿಟ್ಟುಕೊಂಡು ಪಾಠ ಮುಗಿಸಬೇಕಾದ ಶಿಕ್ಷಕಿಯ ಕಷ್ಟ ನಮಗೆ ಅರ್ಥವಾಗುತ್ತದೆ. ಆಕೆಯನ್ನೂ ಯಾರೋ ಓಡಿಸುತ್ತಿದ್ದಾರೆ. ಆದರೂ ಒಂದು ಪದ ಮಗುವಿನ ಮೇಲೆ ಬಿದ್ದರೆ ಅದು ಡೈರಿಯಲ್ಲೇ ಉಳಿಯುವುದಿಲ್ಲ, ಮಗುವಿನ ಜೊತೆ ಬೆಳೆಯುತ್ತದೆ.

ಆ ಹುಡುಗನಿಗೆ ಈಗ ಉತ್ತರ ಹೇಳಬಲ್ಲೆವು. ಮಗೂ, ನೀನು ಆ ಪಟ್ಟಿಯ ಕೊನೆಯ ಪದ, ಹಂತಹಂತವಾಗಿ ಆಗುತ್ತಿರುವವನು. ನಮ್ಮ ಭಾಷೆಯಲ್ಲಿ ಅದಕ್ಕೆ ಸಾವಕಾಶ ಎಂಬ ಚೆಂದದ ಮಾತೂ ಇದೆ. ಅದರೊಳಗೆ ಅವಕಾಶವಿದೆ. ಅದನ್ನು ನಿನಗೆ ಕೊಡಬೇಕಾದವರು ನಾವು. ಅದರಲ್ಲಿ ಮಾತ್ರ ತಡ ಸಲ್ಲದು.