ಅತಿಭಾರಾರೋಪಣ ಮತ್ತು ಶಾಲೆಯ ಮಕ್ಕಳು

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿರುವುದನ್ನು ವಾಚಕರು ಬಲ್ಲರು: ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಶಕ್ತಿ ಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಬಾಲ್ಯದಲ್ಲಿ ಇವನ್ನು ಬಾಯಿಪಾಠ ಮಾಡುವಾಗ ನಾಲ್ಕನೆಯದಾದ ಅತಿಭಾರಾರೋಪಣವು ಎತ್ತಿನ ಗಾಡಿಗೆ ಸಂಬಂಧಿಸಿದ್ದೆಂದೇ ನಾನು ತಿಳಿದಿದ್ದೆ. ಅಂಗಡಿಗೆ ಬರುವ ಗಾಡಿಯಲ್ಲಿ ಒಂದು ಮೂಟೆ ಹೆಚ್ಚಾಗಿದ್ದರೂ ನಮ್ಮ ತಂದೆಯವರು ಗಾಡಿಯವನನ್ನು ಗದರುತ್ತಿದ್ದರು. ಈ ಅತಿಚಾರಕ್ಕೆ ಮಕ್ಕಳೂ ಗುರಿಯಾಗಬಹುದೆಂಬುದು ನನಗೆ ಹೊಳೆದದ್ದು ಅರುವತ್ತು ದಾಟಿದ ಮೇಲೆ, ಪಶ್ಚಿಮ ಬೆಂಗಳೂರಿನ ಒಂದು ಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ.

ಶಾಲೆಯ ಹೆಸರು ಇಲ್ಲಿ ಬೇಡ. ಸಭೆಯ ಮುಂದಿದ್ದ ವಿಷಯ ಸುಪ್ರೀಂ ಕೋರ್ಟಿನ ಒಂದು ತೀರ್ಪು. 2023ರಲ್ಲಿ ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದ 17 ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ತನಿಖೆಯನ್ನು ಸಿಬಿಐಗೆ ವಹಿಸಬೇಕೆಂದು ಆಕೆಯ ತಂದೆ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ವಿಕ್ರಂ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠವು 2025ರ ಜುಲೈ 25ರಂದು ತೀರ್ಪಿತ್ತು, ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ 15 ನಿರ್ದೇಶನಗಳನ್ನು ಕೊಟ್ಟಿತು. ತಕ್ಕ ಶಾಸನ ರಚನೆಯಾಗುವವರೆಗೆ ಇವು ಜಾರಿಯಲ್ಲಿರತಕ್ಕವು. 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕವಿಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿಯಾಗಬೇಕು. ಅಂಕಗಳ ಮೇಲೆ ಮಕ್ಕಳನ್ನು ವಿಂಗಡಿಸುವುದನ್ನು, ಎಲ್ಲರೆದುರು ಅವಮಾನಿಸುವುದನ್ನು, ಅವರ ಶಕ್ತಿಗೆ ಮೀರಿದ ಗುರಿಗಳನ್ನು ಹೊರಿಸುವುದನ್ನು ಸಾಧ್ಯವಾದಷ್ಟೂ ಬಿಡಬೇಕು. ಕಾರ್ಯದರ್ಶಿಗಳು ಈ ಕೊನೆಯ ಮಾತನ್ನು ಓದಿದಾಗ ಪಾಠಶಾಲೆಯ ಆ ಹಳೆಯ ಪದ ನನ್ನ ನೆನಪಿಗೆ ಬಂದಿತು.

ನೆನಪಿಗೆ ಬಂದದ್ದೇನೋ ಸರಿ. ಆದರೆ ಆಪ್ತಸಮಾಲೋಚಕರ ಸಂಬಳದ ಮಾತು ಎದ್ದೊಡನೆ ನನ್ನೊಳಗಿನ ವ್ಯಾಪಾರಿ ಎಚ್ಚೆತ್ತನು. ನಮ್ಮ ವ್ಯಾಯಾಮ ಶಿಕ್ಷಕರು ಒಂದು ದಿನದ ತರಬೇತಿ ಪಡೆದಿರುವರಲ್ಲ, ತಪಾಸಣೆಗೆ ಬಂದವರಿಗೆ ತೋರಿಸಲು ಅವರ ಹೆಸರನ್ನೇ ಪುಸ್ತಕದಲ್ಲಿ ಬರೆದರೆ ಸಾಕು ಎಂದು ಸಲಹೆಯಿತ್ತವನು ನಾನೇ. ಎಲ್ಲರೂ ಒಪ್ಪಿದರು. ಮುಖ್ಯೋಪಾಧ್ಯಾಯಿನಿಯವರು ಮಾತ್ರ ಸುಮ್ಮನಿದ್ದರು. ಸಭೆ ಮುಗಿದ ಮೇಲೆ ಅವರು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳಿದರು. ಅಂಕ ಕಡಿಮೆಯಾದವರ ‘ಸಿ’ ವಿಭಾಗಕ್ಕೆ ಹಾಕಿದಂದಿನಿಂದ ಆಕೆ ಮಧ್ಯಾಹ್ನದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯುತ್ತಾಳಂತೆ. ತಡವಾಗಿ ಬಂದರೆ ಮೈದಾನದ ಸುತ್ತ ಓಡಿಸುವವರು ಅದೇ ವ್ಯಾಯಾಮ ಶಿಕ್ಷಕರು. “ಅವರ ಹತ್ತಿರ ಆ ಮಗು ಏನು ಹೇಳಿಕೊಂಡೀತು, ನೀವೇ ಹೇಳಿ ಸಾರ್” ಎಂದರು. ನಾನು ಉತ್ತರಿಸಲಿಲ್ಲ.

ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ, ಸುಳ್ಳು ದಾಖಲೆ ಬರೆಯುವುದು. ಅಂಗಡಿಯಲ್ಲಿ ಎರಡು ಲೆಕ್ಕದ ಪುಸ್ತಕ ಇಡಲಿಲ್ಲವೆಂದು ಹೆಮ್ಮೆಪಡುತ್ತಿದ್ದ ನಾನು ಶಾಲೆಯಲ್ಲಿ ಅದನ್ನೇ ಮಾಡಿಸಿದ್ದೆ.

ಕಾನೂನಿನ ಕೊರತೆಯಿಂದ ಹೀಗಾಯಿತೆನ್ನಲು ಬರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಆತ್ಮಹತ್ಯೆಗಳನ್ನು ತಗ್ಗಿಸುವ ಕಾರ್ಯಕ್ರಮ ರೂಪಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ತಜ್ಞರಿಗೂ ನಮ್ಮ ನಗರದಲ್ಲಿ ಬರವಿಲ್ಲ. ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ಗೂ ಅದೇ ಕೇಂದ್ರ. 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಫೋನ್ ಮಾಡಿ ನೆರವು ಪಡೆಯಬಹುದು.

ಹಿರಿಯರಾದ ಮಿತ್ರರೊಬ್ಬರು ಈ ವಿಚಾರದಲ್ಲಿ ನನ್ನೊಡನೆ ವಾದಿಸಿದರು. ಮುನಿಗಳು 22 ಪರೀಷಹಗಳನ್ನು ಸಹಿಸುತ್ತಾರೆ, ಮಕ್ಕಳೂ ಕಷ್ಟ ಸಹಿಸಲು ಕಲಿಯಬೇಡವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹಗುರವಾದುದಲ್ಲ, ಕಷ್ಟವನ್ನೇ ಕಾಣದೆ ಬೆಳೆದ ಮಗು ಗಟ್ಟಿಯಾಗದೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪರೀಷಹವನ್ನು ಸಹಿಸುವವರು ಅದನ್ನು ತಾವಾಗಿ ಸ್ವೀಕರಿಸಿದವರು. ಹೊರಲಾರೆನೆನ್ನುವ ಸ್ವಾತಂತ್ರ್ಯವೂ ಇಲ್ಲದವರ ಮೇಲೆ ಹೇರಿದ ಹೊರೆ ತಪಸ್ಸು ಹೇಗಾದೀತು? ಮೇಲಾಗಿ ನಮ್ಮ ಶಾಸ್ತ್ರವು ಎಣಿಸುವ ಹತ್ತು ಪ್ರಾಣಗಳಲ್ಲಿ ಮನೋಬಲವೂ ಒಂದು. ಕಣ್ಣಿಗೆ, ಉಸಿರಿಗೆ ಮಾಡುವ ಘಾತ ಹಿಂಸೆಯಾದರೆ ಮನೋಬಲಕ್ಕೆ ಮಾಡುವ ಘಾತವೂ ಹಿಂಸೆಯೇ.

ಹೊರೆ ಹೇರುವವರು ಶಾಲೆಯವರು ಮಾತ್ರವೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಬೆಳಗಿನ ಆರು ಗಂಟೆಗೆ ಬಸವೇಶ್ವರನಗರ, ವಿಜಯನಗರಗಳ ಟ್ಯೂಷನ್ ಮನೆಗಳ ಮುಂದೆ ನಿದ್ದೆಗಣ್ಣಿನ ಮಕ್ಕಳನ್ನು ಸ್ಕೂಟರಿನಿಂದ ಇಳಿಸುವವರು ತಂದೆತಾಯಿಗಳಾದ ನಾವೇ. ನಮ್ಮ ಸಮಾಜದ ಪ್ರತಿಭಾ ಪುರಸ್ಕಾರದಲ್ಲಿ ಶೇಕಡಾ 90ರ ಮೇಲಿನವರನ್ನು ವೇದಿಕೆಗೆ ಕರೆಯುವಾಗ 62 ಪಡೆದವನು ಸಭೆಯಲ್ಲಿ ಎಲ್ಲಿ ಕುಳಿತಿದ್ದಾನೆಂದು ನಾನಂತೂ ಎಂದೂ ನೋಡಿರಲಿಲ್ಲ. (ಪುರಸ್ಕಾರದ ಹಣದಲ್ಲಿ ನನ್ನ ಪಾಲೂ ಇದೆ.)

ಶಾಸನ ಬರಲಿ, ಕಟ್ಟುನಿಟ್ಟಾಗಿಯೇ ಬರಲಿ. ನನ್ನಂಥವರ ಬುದ್ಧಿವಂತಿಕೆಗೆ ಅದರಲ್ಲಿ ಎಡೆಯಿರಬಾರದು: ಹೆಸರಿನ ಜೊತೆಗೆ ಆ ವ್ಯಕ್ತಿಯ ಅರ್ಹತೆ, ಅವರು ಶಾಲೆಯಲ್ಲಿರುವ ಗಂಟೆಗಳು, ಮಗು ಒಂಟಿಯಾಗಿ ಮಾತನಾಡಬಹುದಾದ ಒಂದು ಕೊಠಡಿ, ಇಷ್ಟನ್ನಾದರೂ ಕೇಳಬೇಕು. ಸಂಬಳದ ವಿಷಯವನ್ನು ಮತ್ತೆ ಚರ್ಚೆಗೆ ತರಬೇಕೆಂದು ನಾನು ಬರವಣಿಗೆಯಲ್ಲಿ ಕೊಟ್ಟಿದ್ದೇನೆ. ಮೊದಲ ವರ್ಷದ ವೆಚ್ಚದಲ್ಲಿ ಅರ್ಧವನ್ನು ವಹಿಸಲೂ ಒಪ್ಪಿದ್ದೇನೆ. ಕಾರ್ಯದರ್ಶಿಗಳು ಅದನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ಪುಸ್ತಕದಲ್ಲಿ ಇನ್ನೂ ವ್ಯಾಯಾಮ ಶಿಕ್ಷಕರ ಹೆಸರೇ ಇದೆ.