ಮೇಗುತಿ ಬೆಟ್ಟ ಮತ್ತು ಬಿಚ್ಚಬಲ್ಲ ಫೋನು

ಆಮ್‌ಸ್ಟರ್‌ಡ್ಯಾಮಿನ ಫೇರ್‌ಫೋನ್ ಕಂಪನಿ 2013ರಿಂದ ಫೋನು ಮಾಡುತ್ತಿದೆ. 2015ರಲ್ಲಿ ಬಂದ ಅದರ ಎರಡನೆಯ ಮಾದರಿಯನ್ನು ಬಳಸುವವರೇ ಬಿಚ್ಚಿ, ಕೆಟ್ಟ ಭಾಗವನ್ನಷ್ಟೇ ಬದಲಾಯಿಸಬಹುದಿತ್ತು. 2023ರ ಐದನೆಯ ಮಾದರಿಯಲ್ಲಿ ಬ್ಯಾಟರಿ ಬೆರಳಿನಿಂದಲೇ ಹೊರಬರುತ್ತದೆ. ಸ್ಕ್ರೀನು, ಕ್ಯಾಮೆರಾ, ಚಾರ್ಜಿಂಗ್ ಪೋರ್ಟು ತೆಗೆಯಲು ಒಂದು ಸಾದಾ ಸ್ಕ್ರೂಡ್ರೈವರ್ ಸಾಕು. ಎಂಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವುದಾಗಿ ಕಂಪನಿ ಮಾತು ಕೊಟ್ಟಿದೆ. ಅಷ್ಟರಲ್ಲಿ ಒಂದೊಂದಾಗಿ ಎಲ್ಲ ಭಾಗಗಳೂ ಬದಲಾದವು ಎನ್ನಿ. ಆಗ ಕೈಯಲ್ಲಿರುವುದು ಅಂದು ಕೊಂಡ ಫೋನೋ, ಬೇರೆಯದೋ?

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಒಂದೇ ಬೆಟ್ಟ ಈ ಪ್ರಶ್ನೆಗೆ ಎರಡು ಉತ್ತರ ಹೊತ್ತು ನಿಂತಿದೆ. ಮೇಗುತಿಯ ನೆತ್ತಿಯ ಮೇಲಿರುವುದು ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಕಾಲದಲ್ಲಿ, 634ರಲ್ಲಿ, ರವಿಕೀರ್ತಿ ಕಟ್ಟಿಸಿದ ಜಿನಾಲಯ. ತುಸು ಕೆಳಗೆ ಎರಡಂತಸ್ತಿನ ಬೌದ್ಧ ಗುಡಿ.

ಬೌದ್ಧರ ಉತ್ತರ ‘ಮಿಲಿಂದ ಪಞ್ಹ’ದಲ್ಲಿದೆ. ಅರಸ ಮಿಲಿಂದ ಏರಿ ಬಂದ ರಥವನ್ನು ತೋರಿಸಿ ಭಿಕ್ಷು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಒಂದೂ ಅಲ್ಲ. ಇವೆಲ್ಲ ಕೂಡಿದಾಗ ವ್ಯವಹಾರಕ್ಕೆಂದು ಇಟ್ಟ ಹೆಸರು ರಥ. ಜೈನರು ಇಷ್ಟಕ್ಕೆ ಒಪ್ಪುವವರಲ್ಲ. ಇರುವುದೆಲ್ಲ ಹುಟ್ಟುತ್ತದೆ, ಅಳಿಯುತ್ತದೆ, ಅದರ ನಡುವೆಯೇ ಉಳಿಯುತ್ತದೆ ಎನ್ನುತ್ತದೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ. ಉತ್ಪಾದ, ವ್ಯಯ, ಧ್ರೌವ್ಯ: ಮೂರೂ ಒಟ್ಟಿಗೆ. ಬಳೆ ಕರಗಿ ಉಂಗುರವಾದರೂ ಚಿನ್ನ ಚಿನ್ನವೇ.

ಬಾಗಲಕೋಟೆಯವರಿಗೆ ಇದು ಬರೀ ಪುಸ್ತಕದ ತರ್ಕವಾಗಿ ಉಳಿದಿಲ್ಲ. ಆಲಮಟ್ಟಿಯ ಹಿನ್ನೀರು ಹಳೇ ಊರಿನ ಓಣಿಗಳಿಗೆ ನುಗ್ಗಿದಾಗ ಜನ ನವನಗರದ ಸೆಕ್ಟರ್‌ಗಳಿಗೆ ಬಂದರು. ಮನೆ ಬೇರೆ, ಬೀದಿ ಬೇರೆ, ನೆರೆಹೊರೆ ಬೇರೆ. ಊರು ಮಾತ್ರ ಬಾಗಲಕೋಟೆಯೇ. ಅಲ್ಲಿನ ಹೋಳಿಯ ಬಣ್ಣದಾಟವೂ ನಿಂತಿಲ್ಲ. ಏನು ಅಳಿಯಿತು, ಏನು ಉಳಿಯಿತು ಎಂಬುದನ್ನು ಅಲ್ಲಿನ ಹಿರಿಯರು ಯಾವ ಸೂತ್ರದ ಹಂಗಿಲ್ಲದೆ ಹೇಳಬಲ್ಲರು.

ಫೋನಿನ ವಿಷಯದಲ್ಲಿ ಮಾತ್ರ ಇಂದಿನ ಗಿರಾಕಿ ಬೇರೊಂದು ಉತ್ತರಕ್ಕೆ ಒಗ್ಗಿಹೋಗಿದ್ದಾನೆ. ನಂಬರ್ ಅದೇ, ಫೋಟೊ ಅವೇ, ಫೋನು ಹೊಸದು. ಹಳೆ ಬಟ್ಟೆ ಬಿಟ್ಟು ಹೊಸದು ಉಡುವಂತೆ ಆತ್ಮ ದೇಹ ಬದಲಿಸುತ್ತದೆಂಬ ಗೀತೆಯ ಮಾತಿಗೆ ಇದು ಹೇಳಿಮಾಡಿಸಿದಂತಿದೆ. ಆದರೆ ಬಿಟ್ಟ ಬಟ್ಟೆಯ ಗತಿಯೇನು? ಅದನ್ನು ಇಳಕಲ್ ಸೀಮೆಯವರನ್ನೇ ಕೇಳಬೇಕು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕೆಂಪು ರೇಷ್ಮೆಯ ಎಳೆಗಳನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಉಟ್ಟು ಸವೆದ ಮೇಲೆ ಗಟ್ಟಿ ಉಳಿದ ತುಂಡುಗಳು ಕೌದಿಗೆ ಸೇರುತ್ತವೆ. ಪದರದ ಮೇಲೆ ಪದರವಿಟ್ಟು ಸಾಲುಸಾಲಾಗಿ ಕೈಹೊಲಿಗೆ ಹಾಕಿದ ಆ ಕೌದಿಯಲ್ಲಿ ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆ. ಬಿಟ್ಟ ಫೋನಿಗೆ ಇಂಥ ಮರುಹುಟ್ಟು ಅಪರೂಪ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹಿಸಿ ಮರುಸಂಸ್ಕರಿಸಿದ್ದೆಂದು ದಾಖಲಾಗಿದ್ದು ಕಾಲು ಭಾಗಕ್ಕೂ ಕಡಿಮೆ.

ಇದರಲ್ಲಿ ಗಿರಾಕಿಯ ತಪ್ಪಿಗಿಂತ ಫೋನಿನ ಭಾಗಗಳನ್ನು ಹಿಡಿದಿಟ್ಟ ಅಂಟಿನ ಪಾತ್ರ ದೊಡ್ಡದು.

ಚಾಲುಕ್ಯರ ಶಿಲ್ಪಿಗಳು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂಡಿಸಿದರು. ಕೃಷ್ಣಾ-ತುಂಗಭದ್ರಾ ಸಂಗಮದ ಕೂಡವೆಲ್ಲಿಯಲ್ಲಿದ್ದ ಅವರ ಕಾಲದ ಸಂಗಮೇಶ್ವರ ಗುಡಿ ಶ್ರೀಶೈಲಂ ಅಣೆಕಟ್ಟೆಯ ನೀರಿಗೆ ಸಿಗುವುದರಲ್ಲಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಲಾಯಿತು. ಇಂದಿನ ಹೆಚ್ಚಿನ ಫೋನುಗಳಿಗೆ ಆ ಭಾಗ್ಯವಿಲ್ಲ. ರಿಪೇರಿ ಅಂಗಡಿಯ ಹುಡುಗ ಮೊದಲು ಬಿಸಿಗಾಳಿ ಹಾಯಿಸಿ ಅಂಟು ಮೆತ್ತಗೆ ಮಾಡಬೇಕು, ತೆಳು ಪ್ಲಾಸ್ಟಿಕ್ ತೂರಿಸಿ ಅಂಚು ಎಬ್ಬಿಸಬೇಕು. ಕೈ ತುಸು ಜಾರಿದರೆ ಗಾಜು ಬಿರಿಯುತ್ತದೆ. “ಸ್ಕ್ರೀನ್ ಕಾಂಬೋ ಹೋಗೈತ್ರಿ. ಹಾಕ್ಸೋ ರೊಕ್ಕಕ್ಕ ಇನ್ನಷ್ಟು ಕೂಡಿಸಿದ್ರ ಹೊಸಾದ ಬರ್ತೈತಿ” ಎಂಬ ಮಾತು ಅಲ್ಲಿ ದಿನವೂ ಕೇಳುತ್ತದೆ. ಒಂದು ಭಾಗದ ವ್ಯಯ ಇಡೀ ವಸ್ತುವಿನ ವ್ಯಯವಾಗುವಂತೆ ಕಟ್ಟಿದರೆ ಧ್ರೌವ್ಯಕ್ಕೆ ಜಾಗವೇ ಇರುವುದಿಲ್ಲ. ಅಹಿಂಸೆಯನ್ನು ಮೊದಲ ವ್ರತವಾಗಿಸಿಕೊಂಡ, ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ತೀರ್ಥಂಕರರನ್ನು ಕಡೆಸಿದ ಪರಂಪರೆ ಇದನ್ನು ತತ್ತ್ವದ ದೋಷ ಎಂದಷ್ಟೇ ಬಿಡಲಾರದು. ಗಟ್ಟಿಯಿದ್ದ ಭಾಗವನ್ನೂ ಎಸೆಯುವುದೆಂದರೆ ಅದರ ಬದಲಿಗೆ ಮತ್ತೆ ಗಣಿ ಅಗೆಯುವುದು, ಮತ್ತೆ ನೀರು, ಮಣ್ಣು, ಜೀವಗಳನ್ನು ನೋಯಿಸುವುದು.

ಕಾನೂನು ಈಗೀಗ ರಿಪೇರಿಯ ಕಡೆ ಹೊರಳಿದೆ. ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಗೆ 2025ರ ಜೂನ್ 20ರಿಂದ ಬರುವ ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ನೇಮಿಸಿದ ಸಮಿತಿಯೂ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಪ್ರತಿ ಫೋನಿಗೂ ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ಅಂಕ ಕೊಟ್ಟು, ಅದನ್ನು ಗಿರಾಕಿಗೆ ಕಾಣುವಂತೆ ಇಡಬೇಕು ಎಂಬುದು ಅದರ ಶಿಫಾರಸು.

ಫೇರ್‌ಫೋನ್ ಇಳಕಲ್ಲಿನ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವ ಫೋನುಗಳಲ್ಲೇ ಆರಿಸಬೇಕಾದವರು ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮುಂಚೆ ಮೂರು ಮಾತು ಕೇಳಲಿ: ಬ್ಯಾಟರಿ ಬದಲಿಸಲು ಎಷ್ಟು ಖರ್ಚು, ಬಿಡಿಭಾಗ ಬಾಗಲಕೋಟೆಯಲ್ಲೇ ಸಿಗುತ್ತದೆಯೇ, ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ. ಉತ್ತರ ಬಾರದ ಫೋನನ್ನು ಅಲ್ಲಿಯೇ ಬಿಟ್ಟು ಬನ್ನಿ.