ಅರ್ಧ ಮಗನಿರುತ್ತಾನೆಯೇ?

1865ರ ಜೂನ್ 18ರಂದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷ ದಾಟಿದ ಗಂಡುಮಗುವೊಂದನ್ನು ದತ್ತು ತೆಗೆದುಕೊಂಡರು. ಅರಸರಿಗೆ ಎಪ್ಪತ್ತೊಂದು ತುಂಬಲು ಇನ್ನೊಂದು ತಿಂಗಳಷ್ಟೇ ಇತ್ತು. ಆಡಳಿತ 1831ರಲ್ಲೇ ಕೈಬಿಟ್ಟುಹೋಗಿ ಕಮಿಷನರರ ಪಾಲಾಗಿತ್ತು. ಪಟ್ಟಕ್ಕೆ ಬರಬಲ್ಲ ಔರಸ ಮಗ ಇರಲಿಲ್ಲ. ದತ್ತಕದ ಸುದ್ದಿ ತಲುಪಿದಾಗ ಭಾರತ ಸರ್ಕಾರ ಇಟ್ಟುಕೊಂಡ ನಿಲುವು ಇಷ್ಟು: ರಾಜರ ಖಾಸಗಿ ಆಸ್ತಿಯ ಮಟ್ಟಿಗೆ ಈ ದತ್ತು ಸಲ್ಲುತ್ತದೆ, ರಾಜ್ಯದ ಮಟ್ಟಿಗೆ ಸಲ್ಲದು. ಮಗು ಅಪ್ಪನ ಒಡವೆ ವಸ್ತ್ರಗಳಿಗೆ ವಾರಸುದಾರನಾಗಬಹುದು, ಶ್ರಾದ್ಧ ಮಾಡಬಹುದು. ಗದ್ದುಗೆ ಮಾತ್ರ ಅವನದಲ್ಲ. ಸತಾರಾ, ಝಾನ್ಸಿ, ನಾಗಪುರಗಳನ್ನು ಡಾಲ್‌ಹೌಸಿ ನುಂಗಿದ್ದು ಇದೇ ತರ್ಕದಿಂದ. ಇತಿಹಾಸದ ಪುಸ್ತಕಗಳು ಇದನ್ನು ರಾಜಕೀಯದ ಹುನ್ನಾರವೆಂದು ಹೇಳಿ ಮುಂದೆ ಸಾಗುತ್ತವೆ. ಹುನ್ನಾರವೇನೋ ಹೌದು. ಆದರೆ ಅದರೊಳಗೆ ಒಂದು ಧಾರ್ಮಿಕ ಪ್ರಶ್ನೆಯೂ ಸೇರಿಕೊಂಡಿತ್ತು. ಕ್ರಿಯೆಯಿಂದ ಮಗನಾದವನು ಎಷ್ಟರ ಮಟ್ಟಿಗೆ ಮಗ? ತರ್ಪಣಕ್ಕೆ ಪೂರ್ತಿ ಮಗನಾದವನು ಪಟ್ಟಕ್ಕೆ ಏನೂ ಆಗದಿರಲು ಸಾಧ್ಯವೇ?

ಧರ್ಮಶಾಸ್ತ್ರ ಈ ಪ್ರಶ್ನೆಯನ್ನು ಭಾವುಕತೆಯಿಂದ ನೋಡಿಲ್ಲ, ಬಹಳ ಲೆಕ್ಕಾಚಾರದಿಂದ ನೋಡಿದೆ. ಮನು ಹನ್ನೆರಡು ಬಗೆಯ ಪುತ್ರರನ್ನು ಎಣಿಸುತ್ತಾನೆ. ಮುಂದೆ ನಿಬಂಧಕಾರರು ಕಲಿಯುಗಕ್ಕೆ ಔರಸ ಮತ್ತು ದತ್ತಕ, ಇಬ್ಬರೇ ಸಾಕೆಂದರು. ದತ್ತಕಮೀಮಾಂಸೆ ಬರೆದ ನಂದಪಂಡಿತ ಯಾರು ಕೊಡಬಹುದು, ಯಾರು ಪಡೆಯಬಹುದು, ಎಂಥ ಮಗುವನ್ನು ತರಬಹುದು ಎಂದು ಎಳೆಎಳೆಯಾಗಿ ವಿಚಾರಿಸುತ್ತಾನೆ. ಅದರಲ್ಲಿ ಇಂದಿನ ಓದುಗರಿಗೆ ವಿಚಿತ್ರವೆನಿಸುವ ನಿಯಮವೊಂದಿದೆ: ದ್ವಿಜರು ಮಗಳ ಮಗನನ್ನಾಗಲಿ ಅಕ್ಕತಂಗಿಯರ ಮಗನನ್ನಾಗಲಿ ದತ್ತು ತೆಗೆದುಕೊಳ್ಳಬಾರದು. ದಕ್ಷಿಣದ ರೂಢಿ ಇದನ್ನು ಧಾರಾಳವಾಗಿ ಮೀರಿತು, ಆ ಮಾತು ಬೇರೆ. ರಕ್ತವೇ ಮುಖ್ಯವಾಗಿದ್ದರೆ ಮೊಮ್ಮಗನಿಗಿಂತ ಹತ್ತಿರದವನು ಯಾರು? ಹತ್ತಿರದ ರಕ್ತವನ್ನು ಬಿಟ್ಟು ದೂರದ ದಾಯಾದಿಯ ಮಗುವನ್ನು ತಾ ಎನ್ನುವ ಶಾಸ್ತ್ರ ವಂಶವನ್ನು ರಕ್ತದ ಹರಿವೆಂದು ತಿಳಿದಿರಲಿಲ್ಲ. ಕೊಡುವುದು, ಪಡೆಯುವುದು, ಗೋತ್ರ ಬದಲಿಸುವುದು ಎಂಬ ಕರ್ಮಗಳಿಂದ ಕಟ್ಟಿದ ವ್ಯವಸ್ಥೆ ಅದು.

ಇಲ್ಲೊಂದು ತೊಡಕಿದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಸಪಿಂಡ ಸಂಬಂಧಕ್ಕೆ ಶರೀರದ ಅಂಶಗಳ ಹಂಚಿಕೆಯೇ ಆಧಾರವೆಂದು ವಾದಿಸಿದವನು. ಪಿಂಡಪ್ರದಾನವನ್ನೇ ಆಧಾರವಾಗಿಟ್ಟುಕೊಂಡದ್ದು ಬಂಗಾಳದ ಜೀಮೂತವಾಹನ. ಹಾಗಿದ್ದರೆ ಕನ್ನಡನಾಡಿನಲ್ಲೇ ಹುಟ್ಟಿದ ಗ್ರಂಥ ಸರ್ಕಾರದ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆಯಲ್ಲ, ಅಪ್ಪನ ದೇಹದ ಅಂಶವಿಲ್ಲದ ಮಗುವಿಗೆ ವಂಶದ ಹಕ್ಕೆಲ್ಲಿ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಮದುವೆಯ ನಿಯಮದಲ್ಲಿದೆ. ದತ್ತುಹೋದ ಮಗ ಹುಟ್ಟಿದ ಮನೆಯ ಆಸ್ತಿ ಕಳೆದುಕೊಳ್ಳುತ್ತಾನೆ, ಆ ಮನೆಯ ಗೋತ್ರ ಬಿಡುತ್ತಾನೆ; ಆದರೂ ಆ ಮನೆಯ ನಿಷಿದ್ಧ ಸಂಬಂಧದ ಹೆಣ್ಣನ್ನು ಅವನು ಮದುವೆಯಾಗುವಂತಿಲ್ಲ. ಯಾವುದನ್ನು ಕ್ರಿಯೆ ಬದಲಿಸಬಲ್ಲದು, ಯಾವುದನ್ನು ಬದಲಿಸಲಾರದು ಎಂಬುದು ಶಾಸ್ತ್ರಕ್ಕೆ ಸ್ಪಷ್ಟವಾಗಿತ್ತು. ದೇಹದ ನಂಟನ್ನು ಅದು ದೇಹದ ವಿಷಯಕ್ಕಷ್ಟೇ ಉಳಿಸಿಕೊಂಡಿತು. ಹೆಸರು, ದಾಯ, ಋಣಗಳನ್ನು ಕ್ರಿಯೆಗೆ ಒಪ್ಪಿಸಿತು. ಗದ್ದುಗೆ ಈ ಎರಡರಲ್ಲಿ ಯಾವ ಕಡೆಗೆ ಸೇರುತ್ತದೆಂದು ಕೇಳಿದರೆ ಉತ್ತರ ಕಷ್ಟವಲ್ಲ, ಏಕೆಂದರೆ ಅರಸ ಹುಟ್ಟಿದ ಮಾತ್ರಕ್ಕೆ ಅರಸನಲ್ಲ. ಅವನೂ ಪಟ್ಟಾಭಿಷೇಕವೆಂಬ ಕ್ರಿಯೆಯಿಂದಲೇ ಆಗುವವನು. ಇದೇ ಕಾರಣಕ್ಕೆ ಸರ್ಕಾರದ ವಿಭಜನೆ ನನಗೆ ಅಸಂಗತವಾಗಿ ಕಾಣುತ್ತದೆ. ಮನೆಯೊಳಗಿನ ಕ್ರಿಯೆಯನ್ನು ಒಪ್ಪಿ, ಅದರಿಂದಲೇ ಹೊಮ್ಮುವ ಹೊರಗಿನ ಹಕ್ಕನ್ನು ಅದು ತಳ್ಳಿಹಾಕಿತು. ಅರಮನೆಯ ಬದುಕಿನಲ್ಲಿ ಒಳಗು ಹೊರಗುಗಳ ನಡುವೆ ಅಂಥ ಗೋಡೆಯೇ ಇರಲಿಲ್ಲ. ನವರಾತ್ರಿಯಲ್ಲಿ ಕಂಕಣ ಕಟ್ಟಿಕೊಂಡು ವ್ರತ ಹಿಡಿಯುವವನೂ ಸಿಂಹಾಸನವೇರಿ ದರ್ಬಾರು ನಡೆಸುವವನೂ ಒಬ್ಬನೇ.

ಇದೆಲ್ಲ ಪಟ್ಟ ಉಳಿಸಿಕೊಳ್ಳಲು ಹೂಡಿದ ಆಟ, ಧರ್ಮ ಬರೀ ನೆಪ ಎನ್ನುವವರಿದ್ದಾರೆ. ಮುಮ್ಮಡಿಯವರಿಗೆ ಪಟ್ಟ ಬೇಕಿತ್ತೆಂಬುದರಲ್ಲಿ ಸಂದೇಹವಿಲ್ಲ. 1862ರಲ್ಲಿ ಕ್ಯಾನಿಂಗ್ ಇತರ ಸಂಸ್ಥಾನಿಕರಿಗೆ ದತ್ತಕದ ಸನದು ಕೊಟ್ಟಾಗ ಮೈಸೂರನ್ನು ಬಿಟ್ಟಿದ್ದ. ಅರಸರು ಅದನ್ನು ಮರೆತಿರಲಾರರು. ಆದರೆ ಒಂದು ಕರ್ಮದ ಹಿಂದೆ ಆಸೆಯಿದ್ದ ಮಾತ್ರಕ್ಕೆ ಕರ್ಮ ಸುಳ್ಳಾಗುವುದಿಲ್ಲ. ಆಸ್ತಿಯ ಆಸೆಯಿಂದ ಮದುವೆಯಾದವನೂ ಗಂಡನೇ. ಮೇಲಾಗಿ ಶಾಸ್ತ್ರ ದತ್ತಕಕ್ಕೆ ಪಿಂಡೋದಕವನ್ನಷ್ಟೇ ಉದ್ದೇಶವೆಂದು ಹೇಳಿಲ್ಲ, ಹೆಸರು ಉಳಿಯುವುದನ್ನೂ ಸೇರಿಸಿದೆ. ಸೂರ್ಯಚಂದ್ರರಿರುವವರೆಗೆ ನಡೆಯುವುದೆಂದು 1799ರ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದ್ದ ಕಂಪನಿಯ ಉತ್ತರಾಧಿಕಾರಿಗಳು, ಅದು ಒಬ್ಬ ಮನುಷ್ಯನ ಆಯುಷ್ಯಕ್ಕಷ್ಟೇ ಎಂದು ವಾದಿಸಿದಾಗ ಆಸೆ ಯಾವ ಕಡೆ ಹೆಚ್ಚಿತ್ತೆಂಬುದೂ ಗೊತ್ತಾಗುತ್ತದೆ. ಇವಾನ್ಸ್ ಬೆಲ್‌ನಂಥ ಆಂಗ್ಲರೇ ಮೈಸೂರಿನ ಪರವಾಗಿ ಬರೆದರು. 1867ರಲ್ಲಿ ಲಂಡನ್ ದತ್ತು ಮಗನ ಹಕ್ಕನ್ನು ಒಪ್ಪಿತು. ಮರುವರ್ಷ ಮಾರ್ಚ್‌ನಲ್ಲಿ ಮುಮ್ಮಡಿಯವರು ತೀರಿಕೊಂಡರು, ಸೆಪ್ಟೆಂಬರಿನಲ್ಲಿ ಐದು ವರ್ಷದ ಚಾಮರಾಜೇಂದ್ರರಿಗೆ ಪಟ್ಟವಾಯಿತು, 1881ರ ಮಾರ್ಚ್ 25ರಂದು ರಾಜ್ಯ ಅವರ ಕೈಸೇರಿತು.

ಧರ್ಮ ಬರೀ ನೆಪವೆಂಬುದಕ್ಕಿಂತ ಗಟ್ಟಿಯಾದ ಆಕ್ಷೇಪ ಅರಮನೆಯ ಒಳಗಿನಿಂದಲೇ ಬರುತ್ತದೆ. ಶ್ರೀರಂಗಪಟ್ಟಣ 1610ರಲ್ಲಿ ರಾಜ ಒಡೆಯರ ವಶವಾದ ಬಳಿಕ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಕಾವೇರಿಗೆ ಹಾರುವ ಮುನ್ನ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳೆಂಬ ಕಥೆ ನಾಡಿಗೆಲ್ಲ ಗೊತ್ತು. ಆ ಅರಮನೆ ತನ್ನನ್ನು ಶಪಿಸಿದವಳನ್ನೇ ಪೂಜಿಸಿಕೊಂಡು ಬಂದಿದೆ. ಶಾಪದ ದೃಷ್ಟಿಯಲ್ಲಿ ಹೊಟ್ಟೆಯಲ್ಲಿ ಹುಟ್ಟಿದವನೇ ಮಗ. ದತ್ತಕವೆಂದರೆ ಸೋಲಿನ ಗುರುತು. ದತ್ತಕದ ದೃಷ್ಟಿಯಲ್ಲಿ ಶಾಪಕ್ಕೆ ಹಲ್ಲೇ ಇಲ್ಲ, ಮಗ ಬಂದಾಯಿತಲ್ಲ. ಎರಡೂ ನಂಬಿಕೆಗಳು ಒಂದೇ ಸೂರಿನಡಿ ಹೊಂದಿಕೊಂಡಿದ್ದವು. ದತ್ತುಬಂದ ಚಾಮರಾಜೇಂದ್ರರಿಗೆ 1884ರಲ್ಲಿ ಕೃಷ್ಣರಾಜರೂ 1888ರಲ್ಲಿ ನರಸಿಂಹರಾಜರೂ ಹುಟ್ಟಿದಾಗ ಜನ ಶಾಪವನ್ನೇ ತಿದ್ದಿಕೊಂಡರು: ದತ್ತುಬಂದವನಿಗೆ ಮಕ್ಕಳಾಗುತ್ತವೆ, ಹುಟ್ಟಿಬಂದವನಿಗಿಲ್ಲ. ಈ ತಿದ್ದುಪಡಿಯ ಒಳಗಿರುವುದು ದತ್ತು ಮಗ ನಿಜವಾದ ಒಡೆಯರವನಲ್ಲ, ಆದ್ದರಿಂದ ಶಾಪ ಅವನಿಗೆ ತಾಗದು ಎಂಬ ಗುಮಾನಿ. ಜನರ ಭಕ್ತಿ ಮತ್ತು ಸರ್ಕಾರದ ಕಡತ ಇಲ್ಲಿ ಒಂದೇ ಮಾತಾಡುತ್ತವೆ. ಶಾಸ್ತ್ರವೇ ಇಬ್ಬರಿಗಿಂತಲೂ ಉದಾರವಾಗಿತ್ತು.

ಆದರೆ ಆ ಉದಾರತೆಗೂ ಒಂದು ಅಂಚಿದೆ. ಮಗುವಿನ ಒಪ್ಪಿಗೆಯ ಪ್ರಶ್ನೆಗೆ ಶಾಸ್ತ್ರದ ಉತ್ತರ ದುರ್ಬಲ: ತಂದೆತಾಯಿಯರಿಂದ ಆದದ್ದು, ಆದ್ದರಿಂದ ಕೊಡುವ ಅಧಿಕಾರ ಅವರದು ಎನ್ನುತ್ತದೆ. ಕ್ರಿಯೆಯನ್ನು ಇಷ್ಟು ನಂಬಿದವರು ಇಲ್ಲಿ ಮತ್ತೆ ದೇಹದ ವಾದಕ್ಕೇ ಜಾರಿದರು. ಹೆಣ್ಣುಮಕ್ಕಳ ವಿಷಯ ಇನ್ನೂ ಕಠಿಣ. ಟಿಪ್ಪುವಿನ ಪತನದ ಎಷ್ಟೋ ಮೊದಲೇ ಇಂಗ್ಲಿಷರೊಂದಿಗೆ ಗುಟ್ಟಾಗಿ ಮಾತುಕತೆ ನಡೆಸಿ ವಂಶಕ್ಕೆ ಗದ್ದುಗೆ ಮರಳುವಂತೆ ಮಾಡಿದವರು ರಾಣಿ ಲಕ್ಷ್ಮಮ್ಮಣ್ಣಿ. 1894ರಲ್ಲಿ ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ತೀರಿಕೊಂಡಾಗ 1902ರವರೆಗೆ ರೀಜೆಂಟರಾಗಿ ರಾಜ್ಯ ನಡೆಸಿದವರು ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು. ಬೇರೆ ಮನೆಯಲ್ಲಿ ಹುಟ್ಟಿದ ಕೂಸನ್ನು ಒಂದು ಕ್ರಿಯೆಯಿಂದ ಅರಸನ ಮಗನನ್ನಾಗಿಸಬಲ್ಲ ವ್ಯವಸ್ಥೆಗೆ, ಅದೇ ಮನೆಯಲ್ಲಿ ಹುಟ್ಟಿದ ಹೆಣ್ಣನ್ನು ವಾರಸುದಾರಳಾಗಿಸುವ ಕ್ರಿಯೆ ಹೊಳೆಯಲೇ ಇಲ್ಲ. ಹಳೆಯ ಶಾಸ್ತ್ರಕ್ಕೆ ಅದು ಹೊಸದೂ ಅಲ್ಲ; ಪುತ್ರಿಕೆಯೆಂದು ಮಗಳನ್ನೇ ಮಗನ ಸ್ಥಾನದಲ್ಲಿಡುವ ಪದ್ಧತಿ ಮನುವಿಗೂ ಗೊತ್ತಿತ್ತು, ಆದರೆ ಅಲ್ಲೂ ಕಾಯುತ್ತಿದ್ದುದು ಅವಳ ಹೊಟ್ಟೆಯ ಗಂಡುಮಗುವಿಗಾಗಿ. ಪ್ರಕೃತಿಯೇ ಹೆಣ್ಣನ್ನು ಹೊರಗಿಟ್ಟಿದೆ ಎಂಬ ಸಮರ್ಥನೆ ದತ್ತಕವನ್ನು ಒಪ್ಪಿದವರ ಬಾಯಲ್ಲಿ ನಿಲ್ಲುವುದಿಲ್ಲ. ಪ್ರಕೃತಿಯನ್ನು ಮೀರಬಹುದೆಂದು ತೋರಿಸಿಕೊಟ್ಟವರೇ ಅವರು.

2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿ ಒಡೆಯರ್ ಅವರು ದತ್ತು ತೆಗೆದುಕೊಂಡ ಯದುವೀರರು ಮೈಸೂರಿನ ಕೊನೆಯ ಅರಸ ಜಯಚಾಮರಾಜ ಒಡೆಯರ ಹಿರಿಯ ಮಗಳ ಮೊಮ್ಮಗ. ಹೆಣ್ಣಿನ ಸಂತತಿ ಹೀಗೆ ದತ್ತಕದ ಬಾಗಿಲಿಂದ ವಂಶದೊಳಕ್ಕೆ ಬಂತು, ಆದರೆ ಗಂಡಾಗಿ. ಅಷ್ಟರಲ್ಲಿ ಕೊಡಲು ರಾಜ್ಯವೂ ಉಳಿದಿರಲಿಲ್ಲ, ರಾಜಧನವೂ 1971ರಲ್ಲೇ ನಿಂತಿತ್ತು. ಮನೆತನದ ಆಸ್ತಿ, ಹಿರಿಯರ ಕರ್ಮ, ಖಾಸಗಿ ದರ್ಬಾರು: 1865ರಲ್ಲಿ ಸರ್ಕಾರ ದತ್ತು ಮಗನಿಗೆ ಬಿಟ್ಟುಕೊಡಲು ಸಿದ್ಧವಿದ್ದದ್ದೂ ಹೆಚ್ಚುಕಡಿಮೆ ಇಷ್ಟನ್ನೇ.